ಟ್ರ್ಯಾಕ್‌ಗೆ ಹೋಗುವ ಕಾರಿನ ಬ್ರೇಕ್: ಮೊದಲು ಏನು ಬದಲಾಯಿಸಲಿ?

ಪ್ರಶ್ನೆ (ವಿಜಯನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಪೋರ್ಷೆ ಕೇಮನ್ ಇದೆ, 987 ಮಾಡೆಲ್. ಹೋದ ತಿಂಗಳು ಮೊದಲ ಸಲ ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಿದ್ದೆ. ಆರನೇ ಸುತ್ತಿನಲ್ಲಿ ಬ್ರೇಕ್ ಕೈಕೊಟ್ಟಿತು. ಪೆಡಲ್ ಮೆತ್ತಗಾಗಿ ಕೆಳಗೆ ಹೋಯಿತು. ಹೇಗೋ ಗೇರ್ ಇಳಿಸಿ ನಿಲ್ಲಿಸಿದೆ. ಪರಿಚಯದ ಒಬ್ಬರು ಆರು ಪಿಸ್ಟನ್‌ನ ದೊಡ್ಡ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗ) ಕಿಟ್ ಹಾಕಿಸಿ, ನಾಲ್ಕು ಲಕ್ಷ ಆಗುತ್ತದೆ ಅಂದರು. ವಾರದ ದಿನ ಇದೇ ಕಾರಿನಲ್ಲಿ ಆಫೀಸಿಗೂ ಹೋಗುತ್ತೇನೆ. ಹಾಕಿಸಲಾ?

ಕುವೆಂಪುನಗರದಿಂದ

ಸರ್, ದಯವಿಟ್ಟು ಈಗಲೇ ಆ ಕಿಟ್‌ಗೆ ಅಡ್ವಾನ್ಸ್ ಕೊಡಬೇಡಿ. ಪೆಡಲ್ ಮೆತ್ತಗಾಯಿತು ಅಂದಿರಲ್ಲ, ಕಾಯಿಲೆ ಅಲ್ಲೇ ಗೊತ್ತಾಗುತ್ತದೆ. ನಿಮ್ಮ ಬ್ರೇಕ್ ಆಯಿಲ್ ಕುದಿದಿದೆ. ಪ್ಯಾಡ್ ಸೋತಿದ್ದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇರುತ್ತಿತ್ತು, ಎಷ್ಟು ತುಳಿದರೂ ಕಾರು ನಿಲ್ಲುತ್ತಿರಲಿಲ್ಲ.

ನನ್ನ ಮಿನಿ ಕೂಪರ್ ಎಸ್‌ಗೂ ಅದೇ ಟ್ರ್ಯಾಕ್‌ನಲ್ಲಿ ಹೀಗೇ ಆಗಿತ್ತು. ಕಾರು ಆರಿದ ಮೇಲೆ ಪಿಟ್‌ನಲ್ಲೇ ಮುಂದಿನ ಚಕ್ರ ಬಿಚ್ಚಿದೆವು. ಭಾವಮೈದ ಒಳಗೆ ಕೂತು ಪೆಡಲ್ ತುಳಿಯುತ್ತಿದ್ದ, ನಾನು ಕ್ಯಾಲಿಪರ್ ನಿಪ್ಪಲ್‌ಗೆ ಬಿಳಿ ಪೈಪು ಸಿಕ್ಕಿಸಿ ಆಯಿಲ್ ಬಾಟಲಿಗೆ ಬಿಡುತ್ತಿದ್ದೆ. ಬಂದದ್ದು ಎರಡನೇ ಸಲ ಇಳಿಸಿದ ಡಿಕಾಕ್ಷನ್ ಬಣ್ಣದ ಆಯಿಲ್. ಅದರ ಮಧ್ಯೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಹರಿದು ಬಂದವು. ಅದನ್ನು ನೋಡಿ ಕೈ ನಡುಗಿತು. ಆಯಿಲ್ ಅಮುಕಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನಾವು ತುಳಿದ ಬಲವೆಲ್ಲ ಗುಳ್ಳೆಯನ್ನು ಅಮುಕುವುದರಲ್ಲೇ ಮುಗಿದುಹೋಗುತ್ತದೆ, ಪ್ಯಾಡ್‌ವರೆಗೆ ಬರುವುದೇ ಇಲ್ಲ.

ಎಷ್ಟು ಬಿಸಿ ಅಂತೀರಾ? ನೀವೂ ಸೇರಿ 1,400 ಕೆ.ಜಿ. ಇರುವ ಕಾರನ್ನು ಗಂಟೆಗೆ 140 ಕಿ.ಮೀ.ನಿಂದ 60ಕ್ಕೆ ಇಳಿಸಿದರೆ, ಒಂದೇ ಸಲಕ್ಕೆ ಎರಡೂವರೆ ಲೀಟರ್ ನೀರನ್ನು ಕುದಿ ಬರಿಸುವಷ್ಟು ಶಾಖ. ಕರಿ ಟ್ರ್ಯಾಕ್ ಬರೀ 2.1 ಕಿ.ಮೀ. ಉದ್ದ. ಡಿಸ್ಕ್ ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ಹಾಗಾಗಿ ಮೊದಲು ಆಯಿಲ್. ಮಾಮೂಲಿ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಎಳೆದುಕೊಂಡ ಮೇಲೆ 155 ಡಿಗ್ರಿ ತಡೆದರೆ ಸಾಕು ಅಂತ ನಿಯಮ. ಆ 155 ಟ್ರ್ಯಾಕ್‌ನಲ್ಲಿ ಏನೇನೂ ಸಾಲದು. ನಾನು ಈಗ ಮೋಟುಲ್ ಆರ್‌ಬಿಎಫ್ 600 ಹಾಕುತ್ತೇನೆ, ಹೊಸದು 312 ಡಿಗ್ರಿವರೆಗೆ ತಡೆಯುತ್ತದೆ. ಡಾಟ್ 5 ಅಂತ ಬರೆದಿರುವುದನ್ನು ಮಾತ್ರ ಹಾಕಬೇಡಿ. ಅದು ಸಿಲಿಕಾನ್‌ನದು, ಇದಕ್ಕೆ ಬೆರೆಯುವುದಿಲ್ಲ. ಡಾಟ್ 5.1 ಬೇರೆ, ಗೊಂದಲ ಮಾಡಿಕೊಳ್ಳಬೇಡಿ.

ಆಮೇಲೆ ಪ್ಯಾಡ್. ನೀವು ಆಫೀಸಿಗೂ ಓಡಿಸುತ್ತೀರಿ, ಆದ್ದರಿಂದ ಪೂರ್ತಿ ರೇಸ್ ಪ್ಯಾಡ್ ಬೇಡ. ಬೆಳಿಗ್ಗೆ ತಣ್ಣಗಿದ್ದಾಗ ಅದು ಸರಿಯಾಗಿ ಹಿಡಿಯುವುದೇ ಇಲ್ಲ. ಅಗ್ರಹಾರ ಸರ್ಕಲ್‌ನಲ್ಲಿ ಅಡ್ಡ ಬಂದ ಆಟೋಗೆ ಅದನ್ನು ನಂಬುವುದು ಅಪಾಯ. ಫೆರೋಡೊ ಡಿಎಸ್2500 ಥರದ್ದು ಎರಡಕ್ಕೂ ಆಗುತ್ತದೆ. ಸ್ವಲ್ಪ ಕಿರುಚುತ್ತದೆ, ಚಕ್ರವೆಲ್ಲ ಕಪ್ಪು ಧೂಳಾಗುತ್ತದೆ. ಹಾಕಿಸಿದ ದಿನವೇ ಖಾಲಿ ರಸ್ತೆಯಲ್ಲಿ ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳುವ ಹಾಗೆ ಕೂರಿಸಿ: 80ರಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಎಂಟ್ಹತ್ತು ಸಲ. ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ಆರಿಸಿ.

ಇನ್ನು ದೊಡ್ಡ ಕ್ಯಾಲಿಪರ್. ಈಗಿನ ಬ್ರೇಕ್ ಜೋರಾಗಿ ತುಳಿದರೆ ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬರುತ್ತದೆ ಅಲ್ವಾ? ಹಾಗಾದರೆ ಹಿಡಿತಕ್ಕೆ ಕೊರತೆ ಇಲ್ಲ. ಅಲ್ಲಿಂದಾಚೆ ಕಾರನ್ನು ನಿಲ್ಲಿಸುವುದು ಟಯರ್. ಅದೇ ದುಡ್ಡಿನಲ್ಲಿ ಒಳ್ಳೆಯ ಟಯರ್ ಹಾಕಿಸಿ. ಮುಂದಿನ ಚಕ್ರಕ್ಕೆ ಮಾತ್ರ ದೊಡ್ಡ ಕಿಟ್ ಹಾಕಿಸಿದರೆ ಹಿಂದೆ ಮುಂದೆ ಬ್ರೇಕ್ ಹೊಂದಿಕೆಯೂ ಕೆಡುತ್ತದೆ.

ಮಂಡ್ಯದಿಂದ

ಅಣ್ಣ, ನಂದು ಗ್ಯಾರೇಜು. ಮೇಲಿನವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಮಳೆಗಾಲದಲ್ಲಿ ಬೆಲ್ಲದ ಅಚ್ಚು ಬಿಚ್ಚಿಟ್ಟರೆ ನೀರೊಡೆಯುತ್ತದೆ ನೋಡಿ, ಬ್ರೇಕ್ ಆಯಿಲ್ ಜಾತಿಯೂ ಅದೇ. ಗಾಳಿಯ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ರೇಸ್ ಆಯಿಲ್ ಹಾಕಿದ್ದೀನಿ ಅಂತ ಎರಡು ವರ್ಷ ಬಿಡಬೇಡಿ. ಪ್ರತಿ ಟ್ರ್ಯಾಕ್ ದಿನಕ್ಕೆ ಮುಂಚೆ ಏರ್ ತೆಗೆಸಿ, ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಅರ್ಧ ಬಳಸಿ ಉಳಿದ ಡಬ್ಬ ಮುಂದಿನ ವರ್ಷಕ್ಕೆ ಇಡಬೇಡಿ.

ಇನ್ನೊಂದು. ಪಿಟ್‌ಗೆ ಬರುವ ಮುಂಚೆ ಒಂದು ಸುತ್ತು ಬ್ರೇಕ್ ಮುಟ್ಟದಷ್ಟು ನಿಧಾನ ಬನ್ನಿ. ಬಂದು ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಗೇರ್‌ನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ.

ಸರಸ್ವತಿಪುರಂನಿಂದ

ನನ್ನದೂ 987. ಅದಕ್ಕೆ ಪೋರ್ಷೆಯದೇ ಇನ್ನೊಂದು ಕಾರು 997 ಜಿಟಿ3ಯ ಗಾಳಿ ತಟ್ಟೆಗಳು ಕೂರುತ್ತವೆ. ಪ್ಲಾಸ್ಟಿಕ್‌ನದು, ಸಸ್ಪೆನ್ಷನ್‌ನ ಕೆಳಗಿನ ಆರ್ಮ್‌ಗೆ ಸಿಕ್ಕಿಸಿದರೆ ಗಾಳಿ ಡಿಸ್ಕ್ ಕಡೆಗೆ ತಿರುಗುತ್ತದೆ. ಕಿಟ್‌ನ ಬೆಲೆಯ ಮುಂದೆ ಅದು ಏನೂ ಅಲ್ಲ. ಪಾರ್ಕಿಂಗ್ ಹಂಪ್‌ಗೆ ತಾಗುತ್ತದೆ, ನೋಡಿಕೊಳ್ಳಿ.

ಕಂಪನಿ ಡಿಸ್ಕ್‌ನಲ್ಲೇ ತೂತುಗಳಿವೆ. ಬಿರುಕು ಶುರುವಾಗುವುದೇ ಆ ತೂತಿನ ಅಂಚಿನಿಂದ. ಪ್ರತಿ ಸಲ ವಾಪಸ್ ಬಂದ ಮೇಲೆ ಟಾರ್ಚ್ ಹಿಡಿದು ಉಗುರು ಎಳೆದು ನೋಡುತ್ತೇನೆ. ಬಿರುಕು ಒಂದು ತೂತಿನಿಂದ ಇನ್ನೊಂದಕ್ಕೆ ಸೇರಿತು ಅಂದರೆ ಆ ಡಿಸ್ಕ್ ಮುಗಿಯಿತು.

ದೊಡ್ಡ ಕಿಟ್ ಸುಮ್ನೆ ದುಡ್ಡು ದಂಡ ಅಂತ ಮಾತ್ರ ನಾನು ಹೇಳುವುದಿಲ್ಲ. ಡಿಸ್ಕ್ ದೊಡ್ಡದಾದಷ್ಟೂ ಶಾಖ ಹಿಡಿಯುವ ಕಬ್ಬಿಣ ಜಾಸ್ತಿ. ಚೆನ್ನೈ ಹತ್ತಿರದ ಇರುಂಗಾಟ್ಟುಕೊಟ್ಟೈ ಟ್ರ್ಯಾಕ್ 3.7 ಕಿ.ಮೀ., ವೇಗವೂ ಹೆಚ್ಚು. ಅಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಿಸುವ ಮಟ್ಟಕ್ಕೆ ಬಂದಾಗ, ಒಳ್ಳೆಯ ಆಯಿಲ್, ಪ್ಯಾಡ್ ಇದ್ದೂ ಬ್ರೇಕ್ ಸೋತರೆ, ಆಗ ಮುಂದೆ ಹಿಂದೆ ಎರಡೂ ಸೇರಿಸಿ ಹಾಕಿಸಿ. ನಿಮ್ಮ ಅಲಾಯ್ ಒಳಗೆ ಕ್ಯಾಲಿಪರ್ ಹಿಡಿಯುತ್ತಾ ಅಂತ ಮೊದಲು ಅಳೆಯಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸರ್ವಿಸ್ ಬುಕ್ ತೆಗೆದು ನೋಡಿದೆ. ಬ್ರೇಕ್ ಆಯಿಲ್ ಬದಲಾಯಿಸಿ ನಾಲ್ಕು ವರ್ಷ ಆಗಿದೆ. ಕಿಟ್ ಬೇಡ ಅಂತ ಹೇಳಿಬಿಟ್ಟೆ. ಆಯಿಲ್, ಪ್ಯಾಡ್, ಗಾಳಿ ತಟ್ಟೆ ಮೂರಕ್ಕೂ ಆರ್ಡರ್ ಹಾಕಿದ್ದೇನೆ.

ಕುವೆಂಪುನಗರದಿಂದ

ಬಹಳ ಸಂತೋಷ ಸರ್. ಮುಂದಿನ ಸಲ ಕೊಯಮತ್ತೂರಿಗೆ ಚಾಮರಾಜನಗರದ ಮೇಲೆ ಹೋಗುವುದಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಎರಡನೇ ಗೇರ್‌ನಲ್ಲೇ ಇಳಿಯಿರಿ. ಹೊಸ ಪ್ಯಾಡನ್ನು ಅಲ್ಲೇ ಸುಡಬೇಡಿ.