‘ಎಲೆಮರೆಯ ಕಾಯಿ’ ಒಪ್ಪುತ್ತದೆಯೇ? ಡ್ರಾಫ್ಟಿನ ಕೊನೆಯ ಸುತ್ತುಗಳ ಕ್ವಾರ್ಟರ್‌ಬ್ಯಾಕ್‌ಗೆ ಕನ್ನಡ ಮಾತು

ಪ್ರಶ್ನೆ

ನಮಸ್ಕಾರ. ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಡ್ರಾಫ್ಟ್, ಅಂದರೆ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಕ್ರಮದ ಬಗ್ಗೆ ಕನ್ನಡದಲ್ಲಿ ಬರೆಯಹೊರಟರೆ ಮೂರು ಪದಗಳ ಹತ್ತಿರ ಕೈ ನಿಲ್ಲುತ್ತದೆ. ‘ಡ್ರಾಫ್ಟ್’ಗೆ ನಿಘಂಟಿನಲ್ಲಿ ಕರಡು ಇದೆ, ಹುಂಡಿ ಇದೆ, ಈ ಅರ್ಥ ಇಲ್ಲ. ‘ಪ್ರಾಸ್ಪೆಕ್ಟ್’ಗೆ ಏನೆನ್ನಬೇಕು? ಕೊನೆಯ ಸುತ್ತಿನಲ್ಲಿ ಸಿಕ್ಕಿ ಆಮೇಲೆ ಮಿಂಚುವ ಆಟಗಾರನನ್ನು ಅಲ್ಲಿ ‘ಸ್ಲೀಪರ್’ ಅನ್ನುತ್ತಾರೆ. ಅದಕ್ಕೆ ‘ಎಲೆಮರೆಯ ಕಾಯಿ’ ಎಂದು ಬರೆದರೆ ಆದೀತೇ? ನನಗೆ ಬೇಕಿರುವುದು ಮುಖ್ಯವಾಗಿ ಕ್ವಾರ್ಟರ್‌ಬ್ಯಾಕ್‌ಗಳ, ಅಂದರೆ ಚೆಂಡೆಸೆದು ಆಟ ನಡೆಸುವವರ ವಿಷಯಕ್ಕೆ. ಇಂಥವರನ್ನು ಹುಡುಕುವುದು ಹೇಗೆ ಎನ್ನುವುದನ್ನೂ ಬಲ್ಲವರು ತಿಳಿಸಿದರೆ ಪದ ಆರಿಸಲು ಅನುಕೂಲ.

ಉತ್ತರ 1

ಡ್ರಾಫ್ಟ್ ಅನ್ನು ಡ್ರಾಫ್ಟ್ ಎಂದೇ ಬಿಡಿ. ಐಪಿಎಲ್ ನೋಡಿದ ಕಣ್ಣಿಗೆ ‘ಹರಾಜು’ ಹತ್ತಿರ ಎನಿಸಬಹುದು, ಆದರೆ ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ. ಹಿಂದಿನ ವರ್ಷ ತೀರಾ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲ ಸರದಿ, ಚಾಂಪಿಯನ್ ತಂಡಕ್ಕೆ ಕೊನೆಯದು. 32 ತಂಡ, 7 ಸುತ್ತು. ಸರದಿಯನ್ನು ತಂಡಗಳು ತಮ್ಮತಮ್ಮಲ್ಲೇ ಅದಲುಬದಲು ಮಾಡಿಕೊಳ್ಳಬಹುದು. ಆಟಗಾರನ ಸಂಬಳ ಅವನು ಎಷ್ಟನೆಯವನಾಗಿ ಆಯ್ಕೆಯಾದ ಎನ್ನುವುದರ ಮೇಲೆ ಹೆಚ್ಚುಕಡಿಮೆ ಮೊದಲೇ ಗೊತ್ತಾಗಿರುತ್ತದೆ. ಅರ್ಥ ಬಿಡಿಸಲೇಬೇಕಾದರೆ ಮೊದಲ ಸಲ ‘ಸರದಿ ಆಯ್ಕೆ’ ಎಂದು ಬರೆದು ಮುಂದೆ ಹೋಗಬಹುದು.

‘ಕೊನೆಯ ಸುತ್ತುಗಳು’ ಅಂದರೆ ರೂಢಿಯಲ್ಲಿ ಮೂರನೆಯ ದಿನ ನಡೆಯುವ 4ರಿಂದ 7ನೇ ಸುತ್ತು. ಅದಕ್ಕೂ ಹೊರಗುಳಿದವರನ್ನು ನಮ್ಮ ಪತ್ರಿಕೆಗಳ ಐಪಿಎಲ್ ಭಾಷೆಯಲ್ಲಿ ‘ಬಿಕರಿಯಾಗದೆ ಉಳಿದವರು’ ಎನ್ನಬೇಡಿ. ಡ್ರಾಫ್ಟ್ ಆಗದವನು ಕರೆದ ತಂಡಗಳಲ್ಲಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಆದ್ದರಿಂದ ಏಳನೇ ಸುತ್ತಿನ ಕೊನೆಯಲ್ಲಿ ಕ್ವಾರ್ಟರ್‌ಬ್ಯಾಕ್‌ಗಳು ತುಂಬಿರುವ ತಂಡದ ಪಾಲಾಗುವುದಕ್ಕಿಂತ ಆಯ್ಕೆಯಾಗದಿರುವುದೇ ಕೆಲವೊಮ್ಮೆ ಮೇಲು. 2003ರಲ್ಲಿ ಕ್ವಾರ್ಟರ್‌ಬ್ಯಾಕ್ ಟೋನಿ ರೋಮೋ ಹೀಗೇ ಡಲ್ಲಾಸ್ ತಂಡ ಸೇರಿದ್ದು.

‘ಪ್ರಾಸ್ಪೆಕ್ಟ್’ಗೆ ‘ಭರವಸೆಯ ಆಟಗಾರ’ ಅಂದರೆ ಹೊಗಳಿದಂತಾಯಿತು. ಪಟ್ಟಿಯಲ್ಲಿರುವ ನೂರಾರು ಜನರಲ್ಲಿ ಹೆಚ್ಚಿನವರ ಮೇಲೆ ಯಾರಿಗೂ ಭರವಸೆ ಇರುವುದಿಲ್ಲ. ಚುನಾವಣೆಗೆ ನಿಂತವನು ಎನ್ನುವ ಹಾಗೆ ‘ಡ್ರಾಫ್ಟ್‌ಗೆ ನಿಂತವನು’ ಅಂದರೆ ಸಾಕು.

ಈಗ ನಿಮ್ಮ ಎಲೆಮರೆಯ ಕಾಯಿ. ಯಾರ ಕಣ್ಣಿಗೂ ಬೀಳದೆ ಬಲಿತದ್ದು ಎನ್ನುವುದು ಅದರ ಜೀವಾಳ. ಮುಂದೆ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಆದ ಕರ್ಟ್ ವಾರ್ನರ್‌ಗೆ ಅದು ಹೇಳಿ ಮಾಡಿಸಿದ ಮಾತು: ಸಣ್ಣ ವಿಭಾಗದ ನಾರ್ದರ್ನ್ ಅಯೋವಾ, ಅಲ್ಲೂ ಕೊನೆಯ ವರ್ಷ ಮಾತ್ರ ಮೊದಲ ಸ್ಥಾನದ ಆಟ, 1994ರಲ್ಲಿ ಯಾವ ತಂಡವೂ ಆರಿಸಲಿಲ್ಲ. ಆದರೆ ಅವನಿಗಿಂತಲೂ ಹೆಸರಾದ ಟಾಮ್ ಬ್ರೇಡಿ? ಆಡಿದ್ದು ಮಿಷಿಗನ್‌ನಲ್ಲಿ, ಲಕ್ಷ ಜನ ಕೂರುವ ಮೈದಾನದಲ್ಲಿ. 2000ದ ಡ್ರಾಫ್ಟ್‌ನಲ್ಲಿ ಅವನಿಗಿಂತ ಮೊದಲು ಆರು ಕ್ವಾರ್ಟರ್‌ಬ್ಯಾಕ್‌ಗಳು ಹೋದರು. ಅವನು ಆರನೇ ಸುತ್ತಿನಲ್ಲಿ 199ನೆಯವನು. ಬ್ರಾಕ್ ಪರ್ಡಿ ಅಯೋವಾ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ 2022ರಲ್ಲಿ 262ನೆಯವನಾಗಿ, ಅಂದರೆ ಕಟ್ಟಕಡೆಯವನಾಗಿ ಆಯ್ಕೆಯಾದ. ಇವರಿಬ್ಬರನ್ನೂ ಎಲ್ಲರೂ ನೋಡಿದ್ದರು, ಅಳೆದಿದ್ದರು, ಅಳೆದೇ ಬಿಟ್ಟಿದ್ದರು. ಇಂಥವರಿಗೆ ‘ಕಂಡೂ ಬಿಟ್ಟವನು’ ಎನ್ನುವುದು ಸರಿ. ಎರಡು ಮಾತೂ ಬೇಕು, ಯಾಕೆಂದರೆ ಎರಡು ಬಗೆಯವರನ್ನು ಹುಡುಕುವ ದಾರಿಯೇ ಬೇರೆ. ಎಲೆಮರೆಯವನಿಗಾಗಿ ಊರೂರು ಸುತ್ತಬೇಕು. ಕಂಡೂ ಬಿಟ್ಟವನಿಗಾಗಿ ಇದ್ದ ವಿಡಿಯೋವನ್ನೇ ಮತ್ತೆ ಹಾಕಿ, ಬಿಟ್ಟ ಕಾರಣ ನಿಜವೇ ಎಂದು ನೋಡಬೇಕು.

ಆ ಕಾರಣಗಳು ಬಹುಮಟ್ಟಿಗೆ ಇಂಡಿಯಾನಾಪೊಲಿಸ್‌ನ ಕಂಬೈನ್‌ನಲ್ಲಿ, ಅಂದರೆ ಡ್ರಾಫ್ಟ್‌ಗೆ ಮುಂಚಿನ ಅಳತೆ-ಪರೀಕ್ಷೆಯ ಶಿಬಿರದಲ್ಲಿ ಹುಟ್ಟುತ್ತವೆ: ಎತ್ತರ, ತೂಕ, ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಅಂಗೈಯ ಅಗಲ, 40 ಗಜದ ಓಟ. ಬ್ರೇಡಿ ಆ ಓಟಕ್ಕೆ 5.28 ಸೆಕೆಂಡ್ ತೆಗೆದುಕೊಂಡ. ಮೊದಲ ಎರಡು ಹೆಜ್ಜೆಯಲ್ಲಿ ಪಕ್ಕಕ್ಕೆ ಸರಿದು ಚೆಂಡು ಎಸೆಯುವವನಿಗೆ 40 ಗಜ ನೆಟ್ಟಗೆ ಓಡುವ ಪ್ರಮೇಯ ಪಂದ್ಯದಲ್ಲಿ ಎಷ್ಟು ಸಲ ಬಂದೀತು, ನೀವೇ ಹೇಳಿ.

ಉತ್ತರ 2

ಮೇಲಿನವರ ಪದವಿಂಗಡಣೆ ಒಪ್ಪಿದೆ. ವಿಡಿಯೋ ಮತ್ತೆ ಹಾಕಿ ಏನು ನೋಡುತ್ತಾರೆ ಎಂಬುದನ್ನಷ್ಟೇ ಸೇರಿಸುತ್ತೇನೆ.

ಮೊದಲು ನೋಡುವುದು, ಕಾಲೇಜಿನಲ್ಲಿ ಎಷ್ಟು ಪಂದ್ಯ ಶುರುವಿನಿಂದ ಆಡಿದ್ದಾನೆ ಎಂಬುದನ್ನು. ಹಳೆಯ ತರಬೇತುದಾರ ಬಿಲ್ ಪಾರ್ಸೆಲ್ಸ್ 30 ಪಂದ್ಯಗಳ ಗೆರೆ ಎಳೆದಿದ್ದರು. ಪರ್ಡಿ ಆ ಗೆರೆಯನ್ನು ಸಲೀಸಾಗಿ ದಾಟಿದ್ದ. 2017ರಲ್ಲಿ ಎರಡನೆಯವನಾಗಿಯೇ ಆಯ್ಕೆಯಾದ ಮಿಚೆಲ್ ಟ್ರುಬಿಸ್ಕಿ ಆಡಿದ್ದು 13. ಪಂದ್ಯ ಹೆಚ್ಚಿದ್ದರೆ ಆಟಗಾರ ಒಳ್ಳೆಯವನು ಅಂತಲ್ಲ. ನೋಡಿ ನಿರ್ಧರಿಸಲು ಸಾಕಷ್ಟು ಸರಕು ಸಿಗುತ್ತದೆ, ಅಷ್ಟೇ.

ಆಮೇಲೆ ಕಂಪ್ಲೀಷನ್ ಶೇಕಡಾವಾರು, ಅಂದರೆ ಎಸೆತಗಳಲ್ಲಿ ಸ್ವಂತ ತಂಡದವರು ಹಿಡಿದವು ನೂರಕ್ಕೆ ಎಷ್ಟು ಎಂಬುದು. ಒಟ್ಟು ಅಂಕಿಯನ್ನು ನಂಬಲೇಬೇಡಿ. ಪಕ್ಕದವನಿಗೆ ಕೊಟ್ಟು ಓಡಿಸುವ ಸ್ಕ್ರೀನ್ ಪಾಸ್‌ಗಳೇ ಅದನ್ನು ಉಬ್ಬಿಸುತ್ತವೆ. ಎಸೆತಗಳನ್ನು ದೂರದ ಮೇಲೆ ನಾಲ್ಕಾಗಿ ಒಡೆಯಿರಿ: ಆಟ ಶುರುವಾಗುವ ಗೆರೆಯ ಹಿಂದೆ, 0–9 ಗಜ, 10–19 ಗಜ, 20 ದಾಟಿದ್ದು. 10–19 ಗಜದ ಮನೆಯಲ್ಲಿ, ಅದರಲ್ಲೂ ಮೈದಾನದ ನಡುಭಾಗದಲ್ಲಿ, ಓಡುತ್ತಿರುವವನ ಎದೆಯ ಮುಂದೆ ಚೆಂಡು ಬೀಳುತ್ತದೆಯೇ ಅಥವಾ ಅವನು ನಿಂತು ತಿರುಗಿ ಹಿಡಿಯಬೇಕಾಗುತ್ತದೆಯೇ? ತಿರುಗಿ ಹಿಡಿದ ಕ್ಯಾಚೂ ಲೆಕ್ಕದಲ್ಲಿ ಕಂಪ್ಲೀಷನ್ನೇ. ಆದರೆ ಎನ್‌ಎಫ್‌ಎಲ್‌ನಲ್ಲಿ ಆ ಹೊತ್ತಿಗೆ ಎದುರಾಳಿ ಬಂದು ಬಡಿದಿರುತ್ತಾನೆ.

ಇನ್ನೊಂದು, ಒತ್ತಡಕ್ಕೂ ಸ್ಯಾಕ್‌ಗೂ ಇರುವ ಅನುಪಾತ. ಚೆಂಡು ಕೈಯಲ್ಲಿರುವಾಗಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದರೆ ಸ್ಯಾಕ್. ನೂರು ಸಲ ಎದುರಾಳಿಗಳು ಮೈಮೇಲೆ ಬಂದಾಗ 15 ಸಲ ಬೀಳುವವನು ಬೇರೆ, 25 ಸಲ ಬೀಳುವವನು ಬೇರೆ. ಸ್ಯಾಕ್ ಆಯಿತೆಂದರೆ ಮುಂದಿನ ಕಾವಲಿನವರನ್ನು ಬೈಯುವುದು ವಾಡಿಕೆ, ಆದರೆ ಈ ಅಂಕಿ ತಂಡ ಬದಲಾದರೂ ಆಟಗಾರನ ಬೆನ್ನು ಬಿಡುವುದಿಲ್ಲ. ದೊಡ್ಡ ತೋಳಿಗೆ ಮರುಳಾಗಿ ಇದನ್ನು ಮರೆತ ತಂಡಗಳು ಬೇಕಾದಷ್ಟಿವೆ.

ತೋಳಿನ ಮಾತು ಬಂದಿದ್ದರಿಂದ ಒಂದು ಲೆಕ್ಕ. ಮೈದಾನದ ಅಗಲ 160 ಅಡಿ. ಪ್ರತಿ ಆಟಕ್ಕೂ ಚೆಂಡನ್ನು ಎರಡು ಸಾಲು ಹ್ಯಾಷ್ ಗುರುತುಗಳ ಮೇಲೆ ಅಥವಾ ನಡುವೆ ಇಡುತ್ತಾರೆ. ಕಾಲೇಜಿನಲ್ಲಿ ಆ ಸಾಲುಗಳ ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ. ಚೆಂಡು ಒಂದು ಹ್ಯಾಷ್ ಮೇಲಿದ್ದಾಗ ಆಚೆಯ ಬದಿಗೆರೆ ಕಾಲೇಜಿನಲ್ಲಿ 100 ಅಡಿ ದೂರ, ಎನ್‌ಎಫ್‌ಎಲ್‌ನಲ್ಲಿ 89 ಅಡಿ 3 ಅಂಗುಲ. ಅಂದರೆ ಕಾಲೇಜಿನಲ್ಲಿ ಆಚೆ ಬದಿಗೆ ಎಸೆದ ಚೆಂಡು ತೇಲಿದ್ದು ನೋಡಿ ‘ತೋಳಿನಲ್ಲಿ ದಮ್ಮಿಲ್ಲ’ ಎಂದು ಬರೆಯುವಾಗ, ಅದೇ ಎಸೆತದ ಅಡ್ಡದೂರ ಮುಂದೆ ಹತ್ತಡಿಗೂ ಹೆಚ್ಚು ಕಿರಿದಾಗುತ್ತದೆ ಎಂಬುದನ್ನು ಕಳೆಯಬೇಕು. ಎದುರಾಳಿಗಳ ವೇಗ ಅಲ್ಲಿ ಜಾಸ್ತಿ, ಅದನ್ನೂ ಕೂಡಬೇಕು. ಹಾಗಾಗಿ ಪೂರ್ತಿ ಮಾಫಿ ಇಲ್ಲ.

ಗೆದ್ದ ಪಂದ್ಯದ ತುಣುಕುಗಳು ಯೂಟ್ಯೂಬ್‌ನಲ್ಲಿ ಎಷ್ಟೂ ಸಿಗುತ್ತವೆ, ಅವು ಉಪಯೋಗವಿಲ್ಲ. ಸೋತ ನಾಲ್ಕೈದು ಪಂದ್ಯಗಳನ್ನು ಪೂರ್ತಿ ನೋಡಬೇಕು, 22 ಆಟಗಾರರೂ ಒಟ್ಟಿಗೆ ಕಾಣುವ ಮೇಲಿನ ಕ್ಯಾಮೆರಾದಲ್ಲಿ. ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ (ಡೌನ್) ಮೂರನೆಯದು, 8 ಗಜಕ್ಕಿಂತ ಹೆಚ್ಚು ಬಾಕಿ: ಮೊದಲ ಗುರಿ ಮುಚ್ಚಿದಾಗ ತಲೆ ಎರಡನೆಯವನ ಕಡೆ ತಿರುಗುತ್ತದೆಯೇ, ಕಾಲು ಓಡಲು ಹೊರಡುತ್ತದೆಯೇ? ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ಅದರಲ್ಲಿ ಇದು ಕಾಣುವುದೇ ಇಲ್ಲ.

ಇಷ್ಟೆಲ್ಲ ಮಾಡಿದರೂ ಹೆಚ್ಚಿನ ಸಲ ತಪ್ಪೇ ಆಗುತ್ತದೆ. ಬ್ರೇಡಿಯ ಕಥೆ ಎಲ್ಲರೂ ಹೇಳುತ್ತಾರೆ. ಅದೇ ಆರನೇ ಸುತ್ತಿನಲ್ಲಿ ಅವನಿಗಿಂತ ಮೊದಲು 183ನೆಯವನಾಗಿ ಕ್ಲೀವ್‌ಲ್ಯಾಂಡ್ ಆರಿಸಿದ ಸ್ಪರ್ಗನ್ ವಿನ್ ಈಗ ಯಾರಿಗೆ ನೆನಪು? ತಪ್ಪಲು ದೊಡ್ಡ ಕಾರಣ ಆಟಗಾರನ ಹೊರಗಿದೆ. ವಾರದ ಅಭ್ಯಾಸದ ಎಸೆತಗಳೆಲ್ಲ ಬಹುಪಾಲು ಮೊದಲನೆಯವನಿಗೆ, ಮೂರನೆಯವನಿಗೆ ಚೂರುಪಾರು. ತಂಡದಲ್ಲಿ ಜಾಗ 53. ಹೊಸಬನನ್ನು ಕೈಬಿಟ್ಟು ಆಮೇಲೆ ಅಭ್ಯಾಸ ತಂಡಕ್ಕೆ ಸೇರಿಸಿಕೊಳ್ಳೋಣ ಎಂದರೆ ನಡುವೆ ವೇವರ್ಸ್ ಇದೆ, ಬೇರೆ ತಂಡ ಎತ್ತಿಕೊಂಡು ಹೋಗಬಹುದು. 2000ದಲ್ಲಿ ನ್ಯೂ ಇಂಗ್ಲೆಂಡ್ ನಾಲ್ಕು ಕ್ವಾರ್ಟರ್‌ಬ್ಯಾಕ್‌ಗಳನ್ನು ಇಟ್ಟುಕೊಂಡಿತು. ಅದು ಆಗಲೂ ಈಗಲೂ ಅಪರೂಪ, ನಾಲ್ಕನೆಯವನೇ ಬ್ರೇಡಿ. ಮುಂದಿನ ವರ್ಷ ಮೊದಲನೆಯವನಾಗಿದ್ದ ಡ್ರೂ ಬ್ಲೆಡ್ಸೋ ಗಾಯಗೊಳ್ಳದಿದ್ದರೆ ಅವನ ಸರದಿ ಯಾವಾಗ ಬರುತ್ತಿತ್ತೋ. ಪರ್ಡಿಗೂ ಹಾಗೇ, ಮುಂದಿದ್ದ ಇಬ್ಬರು ಒಂದೇ ಸೀಸನ್‌ನಲ್ಲಿ ಗಾಯಾಳುಗಳಾದ ಮೇಲೆ 2022ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆಯಿತು. ಆದ್ದರಿಂದ ‘ತಂಡ ಹುಡುಕಿ ತೆಗೆಯಿತು’ ಎಂದು ಬರೆಯುವಾಗ ಸ್ವಲ್ಪ ಕೈ ಬಿಗಿಹಿಡಿಯಿರಿ. ಹುಡುಕಿದ್ದು ಅರ್ಧ, ಉಳಿಸಿಕೊಂಡದ್ದು ಅರ್ಧ.

ಉತ್ತರ 3

ಒಂದು ಸಣ್ಣ ಸೇರ್ಪಡೆ. ಡ್ರಾಫ್ಟ್‌ನ ಕಟ್ಟಕಡೆಯವನಿಗೆ ಅಲ್ಲಿ ‘ಮಿಸ್ಟರ್ ಇರ್ರೆಲೆವೆಂಟ್’ ಎಂಬ ಬಿರುದು. 1976ರಲ್ಲಿ ಹಳೆಯ ಆಟಗಾರ ಪಾಲ್ ಸಲಾಟ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ಶುರು ಮಾಡಿದ ತಮಾಷೆ. ಕರೆದು ಮೆರವಣಿಗೆ ಮಾಡಿ, ಚೆಂಡು ಕೈಜಾರುತ್ತಿರುವ ಆಟಗಾರನ ಟ್ರೋಫಿ ಕೊಡುತ್ತಾರೆ. ಇದನ್ನು ‘ಅಪ್ರಸ್ತುತ’ ಎಂದು ಬರೆದರೆ ನಗೆಯೇ ಸತ್ತುಹೋಗುತ್ತದೆ. ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತು ನಮ್ಮಲ್ಲೇ ಇರುವಾಗ ಬೇರೆ ಏಕೆ? ವಾಕ್ಯ ಹೀಗೆ ಕೂರುತ್ತದೆ: ‘2022ರ ಆಟಕ್ಕುಂಟು ಲೆಕ್ಕಕ್ಕಿಲ್ಲದ ಹುಡುಗ ಬ್ರಾಕ್ ಪರ್ಡಿ ಎರಡನೇ ವರ್ಷದಲ್ಲೇ ತಂಡವನ್ನು ಸೂಪರ್ ಬೌಲ್‌ಗೆ ಕರೆದೊಯ್ದ.’ ‘ಸ್ಲೀಪರ್’ಗೆ ಮಾತ್ರ ‘ಮಲಗಿದವ’ ಎಂದು ಯಾರೂ ಬರೆಯದಿರಲಿ. ಕ್ವಾರ್ಟರ್‌ಬ್ಯಾಕ್ ಮಲಗಿದ ಎಂದರೆ ಓದುಗರಿಗೆ ಸ್ಯಾಕ್ ಆಯಿತು ಎಂದೇ ಅರ್ಥವಾಗುತ್ತದೆ.