ಪ್ರೆಸೆಂಟ್ಲಿ ಅಂದರೆ ಈಗಲೋ, ಆಮೇಲೋ?

ತೀರ್ಥಹಳ್ಳಿಯ ಗೆಳೆಯರೊಬ್ಬರು ಹಳೆಯ ಇಂಗ್ಲಿಷ್ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದಾರೆ. ಅದರಲ್ಲಿ ‘ದಿ ಡಾಕ್ಟರ್ ವಿಲ್ ಕಮ್ ಪ್ರೆಸೆಂಟ್ಲಿ’ ಅಂತ ಒಂದು ಮಾತು. ಇವರು ‘ಡಾಕ್ಟರು ಈಗ ಬರುತ್ತಾರೆ’ ಅಂತ ಬರೆದಿದ್ದರು. ಕಥೆಯಲ್ಲಿ ಡಾಕ್ಟರು ಬರುವುದು ಎರಡು ಪುಟ ಆದಮೇಲೆ! ಅರ್ಜಿಗಳಲ್ಲಿ ‘ಪ್ರೆಸೆಂಟ್ಲಿ ವರ್ಕಿಂಗ್ ಅಟ್ ಶಿವಮೊಗ್ಗ’ ಅಂತ ಬರೆದು ನಮಗೆ ರೂಢಿ ಅಲ್ವಾ, ಅದೇ ಅರ್ಥ ಇಲ್ಲಿಗೂ ನುಗ್ಗಿದೆ.

ಈ ಪದಕ್ಕೆ ಎರಡೂ ಅರ್ಥ ಉಂಟು. ಮೂಲ ಲ್ಯಾಟಿನ್‌ನದು. ‘ಪ್ರೇ’ ಅಂದರೆ ಮುಂದೆ, ‘ಎಸ್ಸೆ’ ಅಂದರೆ ಇರುವುದು. ಕಣ್ಣೆದುರು ಇರುವುದೇ ಪ್ರೆಸೆಂಟ್. ಹಾಗಾಗಿ ಪ್ರೆಸೆಂಟ್ಲಿ ಮೊದಲು ‘ಈಗ, ಈ ಕ್ಷಣವೇ’ ಅಂತಲೇ ಇತ್ತು. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಯೇಸು ಶಪಿಸಿದ ಅಂಜೂರದ ಮರ ‘ಪ್ರೆಸೆಂಟ್ಲಿ’ ಒಣಗುತ್ತದೆ. ಅಂದರೆ ನಿಂತ ನಿಲುವಿನಲ್ಲೇ. ಆಮೇಲೆ ಇಂಗ್ಲೆಂಡಿನಲ್ಲಿ ಅದು ಸಡಿಲವಾಗಿ ‘ಇನ್ನು ಸ್ವಲ್ಪ ಹೊತ್ತಿಗೆ’ ಆಯಿತು. ಸ್ಕಾಟ್ಲೆಂಡಿನವರು, ಅಮೆರಿಕದವರು ‘ಈಗ’ ಅನ್ನುವ ಅರ್ಥವನ್ನೂ ಬಿಡಲಿಲ್ಲ. ‘ಸೂನ್’ ಪದದ್ದೂ ಇದೇ ಹಣೆಬರಹ. ಹಳೆಯ ಇಂಗ್ಲಿಷಿನಲ್ಲಿ ಅದು ‘ತಕ್ಷಣ’.

ಜನ ‘ಈಗ’ ಅಂದು ತಡ ಮಾಡುತ್ತಾ ಹೋದರೆ ಪದವೂ ಜೊತೆಗೇ ಹಿಂದೆ ಬೀಳುತ್ತದೆ. ಅಡಿಕೆ ಸುಗ್ಗಿಯಲ್ಲಿ ಮರ ಹತ್ತಿ ಗೊನೆ ಇಳಿಸುವ ಕೊನೆಗಾರನಿಗೆ ಫೋನ್ ಮಾಡಿ ನೋಡಿ. ‘ಈಗ ಬಂದೆ ಮಾರಾಯ್ರೆ’ ಅನ್ನುತ್ತಾನೆ. ಭೂತಕಾಲ ಬೇರೆ! ಬರುವುದು ಮರುದಿನ ಮಧ್ಯಾಹ್ನ.

ಕನ್ನಡದಲ್ಲಿ ಇದಕ್ಕೆ ಸರಿಜೋಡಿ ‘ಸದ್ಯ’. ಸಂಸ್ಕೃತದ ‘ಸದ್ಯಃ’ ಅಂದರೆ ಅದೇ ದಿನ, ಕೂಡಲೇ. ನಮ್ಮಲ್ಲಿ ‘ಸದ್ಯ ಸಾಗರದಲ್ಲಿದ್ದೇನೆ’ ಅಂದರೆ ಈಗ. ‘ಸದ್ಯದಲ್ಲೇ ಬರ್ತೇನೆ’ ಅಂದರೆ ಮುಂದೆ ಯಾವಾಗಲೋ. ಬಸ್ಸು ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟಿದಾಗ ಬಾಯಿಗೆ ಬರುವ ‘ಸದ್ಯ!’ ಮೂರನೆಯದು. ಪ್ರೆಸೆಂಟ್ಲಿಗೆ ಆ ಭಾಗ್ಯ ಇಲ್ಲ.

ಅರ್ಥ ಹಿಡಿಯಲು ಕ್ರಿಯಾಪದ ನೋಡಿದರೆ ಸಾಕು. ಈಗಿನ ಸ್ಥಿತಿ ಹೇಳುವ ಮಾತಿನಲ್ಲಿ ಬಂದರೆ ‘ಸದ್ಯ’. ‘ವಿಲ್’ ಜೊತೆ ಬಂದರೆ ‘ಇನ್ನೇನು’. ಕಥೆಯ ಭೂತಕಾಲದಲ್ಲಿ ಹೆಚ್ಚಾಗಿ ‘ಸ್ವಲ್ಪ ಹೊತ್ತಿನಲ್ಲೇ’. ಅರ್ಜಿ ಬರೆಯುವವರು ಸುಮ್ನೆ ‘ಕರೆಂಟ್ಲಿ’ ಅಂತ ಹಾಕಲಿ, ಗೊಂದಲವೇ ಇಲ್ಲ.

ಗೆಳೆಯರ ವಾಕ್ಯಕ್ಕೆ ನಾನು ‘ಡಾಕ್ಟರು ಇನ್ನೇನು ಬರ್ತಾರೆ’ ಅಂದೆ. ಅವರಿಗೆ ‘ಸದ್ಯದಲ್ಲೇ’ ಇಷ್ಟ. ನನ್ನ ಕಿವಿಗೆ ಅದು ಚುನಾವಣೆಯ ಭರವಸೆ. ಜ್ವರದ ಮನೆಯಲ್ಲಿ ಹೇಳುವ ಮಾತಲ್ಲ. ನೀವಾದರೆ ಏನು ಹಾಕುತ್ತೀರಿ?