ಇಂದ್ರಜಾತ್ರೆ ಹೊತ್ತಿಗೆ ಅಪ್ಪ ಅಮ್ಮನ ಜೊತೆ ಕಾಠ್ಮಂಡು: ಹೋಗಿ ಬಂದವರು ಹೇಳಿ

ಮೈಸೂರಿನಿಂದ ಕೇಳಿದ್ದು

ಈ ಸಲ ಗಣೇಶನ ಹಬ್ಬ ಮುಗಿಸಿಕೊಂಡು ಅಪ್ಪ ಅಮ್ಮನನ್ನು ಕಾಠ್ಮಂಡುವಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಕೈಯಲ್ಲಿ ಐದು ದಿನ ಇದೆ. ಅಮ್ಮನಿಗೆ ಪಶುಪತಿನಾಥನ ದರ್ಶನ ಆಗಬೇಕು. ನನಗೆ ಅಲ್ಲಿನ ಇಂದ್ರಜಾತ್ರೆ ಹಬ್ಬ ನೋಡುವ ಆಸೆ. ಅಪ್ಪನಿಗೆ ಮೊಣಕಾಲು ನೋವು, ಜಾಸ್ತಿ ಮೆಟ್ಟಿಲು ಹತ್ತೋಕೆ ಕಷ್ಟ. ಮೂವರೂ ಸಸ್ಯಾಹಾರಿಗಳು. ಟೂರ್ ಏಜೆಂಟ್ ಒಬ್ಬರು ಎರಡು ದಿನದಲ್ಲಿ ಕಾಠ್ಮಂಡು ಪೂರ್ತಿ ತೋರಿಸಿ, ಆಮೇಲೆ ಪೋಖರಾಕ್ಕೂ ಕರೆದುಕೊಂಡು ಹೋಗುತ್ತೇವೆ ಅಂತಿದ್ದಾರೆ. ಒಪ್ಪಿಕೊಳ್ಳಬಹುದಾ?

ಹಾಸನದಿಂದ

ದಯವಿಟ್ಟು ಒಪ್ಪಿಕೊಳ್ಳಬೇಡಿ. ನಾವು ಅದೇ ತಪ್ಪು ಮಾಡಿದ್ದೆವು. ಕಣಿವೆಯ ಹಳೇ ಊರು ಭಕ್ತಪುರದಲ್ಲಿ ನಮಗೆ ಸಿಕ್ಕಿದ್ದು ಮುಕ್ಕಾಲು ಗಂಟೆ. ನಮ್ಮ ತಂದೆ ನ್ಯಾತಪೋಲ ದೇವಸ್ಥಾನದ ಮುಂದೆ ಕಣ್ಣರಳಿಸಿ ನಿಂತಿದ್ದರು, ಅಷ್ಟರಲ್ಲಿ ವ್ಯಾನ್‌ನವರು ಹಾರ್ನ್ ಹಾಕಿದರು. ಪೋಖರಾ ಕಾಠ್ಮಂಡುವಿನಿಂದ ಸುಮಾರು 200 ಕಿಲೋಮೀಟರ್. ಬೆಟ್ಟದ ದಾರಿ, ಹೋಗುವುದಕ್ಕೇ ಒಂದು ದಿನ ಬೇಕು. ಮೊಣಕಾಲು ನೋವಿರುವವರನ್ನು ಅಷ್ಟು ಹೊತ್ತು ಕೂರಿಸಬೇಡಿ. ಐದೂ ದಿನ ಕಾಠ್ಮಂಡು ಕಣಿವೆಯಲ್ಲೇ ಇರಿ.

ಭಕ್ತಪುರಕ್ಕೆ ಒಂದು ಇಡೀ ದಿನ ಕೊಡಿ. ನ್ಯಾತಪೋಲ ಐದು ಅಂತಸ್ತಿನ ಗುಡಿ, 1702ರಲ್ಲಿ ಭೂಪತೀಂದ್ರ ಮಲ್ಲ ರಾಜ ಕಟ್ಟಿಸಿದ್ದು. 1934ರ ಭೂಕಂಪಕ್ಕೂ 2015ರ ಭೂಕಂಪಕ್ಕೂ ಅದು ಬೀಳಲಿಲ್ಲ. ಮೆಟ್ಟಿಲ ಎರಡೂ ಬದಿ ಜೋಡಿ ಕಾವಲುಗಾರರಿದ್ದಾರೆ. ಕೆಳಗೆ ಜಟ್ಟಿಗಳು, ಅವರ ಮೇಲೆ ಆನೆ, ಆಮೇಲೆ ಸಿಂಹ, ಹೀಗೆ. ಪ್ರತಿ ಜೋಡಿಗೂ ಕೆಳಗಿನ ಜೋಡಿಗಿಂತ ಹತ್ತು ಪಟ್ಟು ಬಲ ಅಂತ ಅಲ್ಲಿನವರು ಹೇಳುತ್ತಾರೆ. ಮೆಟ್ಟಿಲು ತುಂಬಾ ಕಡಿದು. ನಿಮ್ಮ ತಂದೆಯವರನ್ನು ಹತ್ತಿಸಬೇಡಿ, ಚೌಕದಲ್ಲೇ ಕೂರಿಸಿ. ಮಣ್ಣಿನ ಕುಡಿಕೆಯಲ್ಲಿ ಜುಜು ಧೌ ಅಂತ ಗಟ್ಟಿ ಮೊಸರು ಕೊಡುತ್ತಾರೆ, ಹಾಗಂದರೆ ರಾಜಮೊಸರು. ಅದನ್ನು ತಿನ್ನುತ್ತಾ ಕೂತರೆ ಗುಡಿ ಪೂರ್ತಿ ಕಾಣುತ್ತದೆ.

ಸ್ವಯಂಭೂ ಸ್ತೂಪಕ್ಕೆ ಪೂರ್ವದ ಕಡೆಯಿಂದ 365 ಮೆಟ್ಟಿಲು. ಹಿಂದಿನ ರಸ್ತೆಯಲ್ಲಿ ಟ್ಯಾಕ್ಸಿ ಮೇಲಿನವರೆಗೂ ಹೋಗುತ್ತದೆ, ಅಲ್ಲಿಂದ ಹತ್ತುವುದು ಸ್ವಲ್ಪವೇ. ಬೌದ್ಧನಾಥ ಸ್ತೂಪದ ಸುತ್ತ ಸಮತಟ್ಟಾಗಿದೆ, ತಂದೆಯವರು ಆರಾಮಾಗಿ ಪ್ರದಕ್ಷಿಣೆ ಬರಬಹುದು.

ಕಾಠ್ಮಂಡುವಿನಲ್ಲಿ ಮೂರು ವರ್ಷ ಕೆಲಸದಲ್ಲಿದ್ದವರು

ಇಂದ್ರಜಾತ್ರೆಯ ಬಗ್ಗೆ ನಾನು ಹೇಳುತ್ತೇನೆ. ಮೂರು ವರ್ಷವೂ ನೋಡಿದ್ದೇನೆ.

ದಿನ ಲೆಕ್ಕ ಹಾಕುವುದು ನಮಗೆ ಸುಲಭ. ಗಣೇಶ ಚೌತಿ ಆದ ಹತ್ತನೇ ದಿನ ಅನಂತ ಚತುರ್ದಶಿ ಅಲ್ವಾ? ಅವತ್ತೇ ಅಲ್ಲಿ ದೊಡ್ಡ ದಿನ, ಜೀವಂತ ದೇವಿ ಕುಮಾರಿಯ ರಥ ಹೊರಡುತ್ತದೆ. ಆದರೆ ಹಬ್ಬ ಶುರುವಾಗುವುದು ಎರಡು ದಿನ ಮೊದಲು, ದ್ವಾದಶಿಯಂದು. ಅವತ್ತು ಹಳೇ ಅರಮನೆ ಹನುಮಾನ್ ಢೋಕಾದ ಮುಂದೆ ಒಂದು ಎತ್ತರದ ಮರದ ಕಂಬ ನಿಲ್ಲಿಸುತ್ತಾರೆ. ನೀವು ಏಕಾದಶಿಗೇ ಊರು ಸೇರಿಕೊಳ್ಳಿ. ರಥದ ದಿನ ಮಾತ್ರ ನೋಡಿದರೆ ಜನಜಂಗುಳಿ ನೋಡಿದ ಹಾಗೆ ಆಗುತ್ತದೆ, ಹಬ್ಬ ನೋಡಿದ ಹಾಗೆ ಆಗುವುದಿಲ್ಲ.

ಕಥೆ ಹೇಳಿಬಿಡುತ್ತೇನೆ, ಗೊತ್ತಿದ್ದರೆ ನೋಡುವುದೇ ಬೇರೆ. ಇಂದ್ರ ತಾಯಿಯ ವ್ರತಕ್ಕೆ ಪಾರಿಜಾತ ಬೇಕೆಂದು ಈ ಕಣಿವೆಗೆ ಇಳಿದು ಬರುತ್ತಾನೆ. ಯಾರದೋ ತೋಟದಲ್ಲಿ ಹೂ ಕೀಳುವಾಗ ಸಿಕ್ಕಿಬೀಳುತ್ತಾನೆ. ಊರವರು ಕಳ್ಳ ಅಂತ ಕಟ್ಟಿಹಾಕುತ್ತಾರೆ. ತಾಯಿ ಹುಡುಕಿಕೊಂಡು ಬಂದಾಗಲೇ ಜನರಿಗೆ ಇವನು ಯಾರು ಅಂತ ಗೊತ್ತಾಗುವುದು. ಮಗನನ್ನು ಬಿಡಿಸಿಕೊಂಡ ತಾಯಿ ಎರಡು ಮಾತು ಕೊಡುತ್ತಾಳೆ. ಬೆಳೆಗೆ ಇಬ್ಬನಿ, ಮಂಜು ಕೊಡುತ್ತೇನೆ. ಈ ವರ್ಷ ತೀರಿಕೊಂಡವರನ್ನು ನನ್ನ ಜೊತೆ ಸ್ವರ್ಗಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ. ಹಾಗಾಗಿ ಇದು ಬೆಳೆಯ ಹಬ್ಬವೂ ಹೌದು, ಸತ್ತವರನ್ನು ನೆನೆಯುವ ಹಬ್ಬವೂ ಹೌದು.

ನನಗೆ ರಥಕ್ಕಿಂತ ಮನಸ್ಸಿಗೆ ತಟ್ಟಿದ್ದು ದ್ವಾದಶಿಯ ಸಂಜೆಯ ಉಪಾಕು. ಆ ವರ್ಷ ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡವರು ಹಳೇ ಊರಿನ ಎಲ್ಲೆಯ ಸುತ್ತ ನಡೆಯುತ್ತಾರೆ. ಕೈಯಲ್ಲಿ ಧೂಪ, ಸಣ್ಣ ದೀಪ. ದಾರಿಯ ಗುಡಿಗಳಲ್ಲೂ ಸ್ತೂಪಗಳಲ್ಲೂ ಇಡುತ್ತಾ ಹೋಗುತ್ತಾರೆ. ಪ್ರವಾಸಿಗರು ಇದನ್ನು ನೋಡುವುದು ಕಡಿಮೆ.

ಕುಮಾರಿ ಅಂದರೆ ಜೀವಂತ ದೇವಿ ಅಂತ ಪೂಜೆ ಪಡೆಯುವ ಪುಟ್ಟ ಹುಡುಗಿ. ಬೌದ್ಧರಾದ ಶಾಕ್ಯರ ಮನೆಯ ಮಗು, ಅವಳಿಗೆ ಹಿಂದೂಗಳೂ ಕೈಮುಗಿಯುತ್ತಾರೆ. ಹಳೇ ಅರಮನೆ ಪಕ್ಕದ ಬಸಂತಪುರದಲ್ಲಿ ಅವಳ ಮನೆ ಇದೆ, 1757ರಲ್ಲಿ ಜಯಪ್ರಕಾಶ ಮಲ್ಲ ಕಟ್ಟಿಸಿದ್ದು. ಒಳ ಅಂಗಳದ ಕಿಟಕಿಯಲ್ಲಿ ಅವಳು ಕಾಣಿಸಿಕೊಂಡರೆ ಫೋಟೋ ತೆಗೆಯಬಾರದು. ಫೋನ್ ಜೇಬಿನಲ್ಲೇ ಇರಲಿ.

ರಥದ ದಿನ ಮಧ್ಯಾಹ್ನಕ್ಕೇ ಹೋಗಿ ಜಾಗ ಹಿಡಿಯಿರಿ. ಗಣೇಶ, ಭೈರವ, ಕುಮಾರಿ, ಮೂರು ರಥ. ಲಾಖೆ ಅನ್ನುವ ರಾಕ್ಷಸನ ಮುಖವಾಡದ ಕುಣಿತ, ಬಿದಿರು ಬುಟ್ಟಿಯಲ್ಲಿ ಮಾಡಿದ ಆನೆ ಪುಲುಕಿಸಿಯ ಓಟ, ಎಲ್ಲ ಅಲ್ಲೇ ಸುತ್ತಮುತ್ತ. ಶ್ವೇತ ಭೈರವನ ದೊಡ್ಡ ಮುಖದ ಮುಂದಿನ ಮರದ ಜಾಲರಿ ವರ್ಷದಲ್ಲಿ ಈ ಹಬ್ಬಕ್ಕೆ ಮಾತ್ರ ತೆಗೆಯುತ್ತಾರೆ. ಅವನ ಬಾಯಿಂದ ಅಕ್ಕಿಯ ಹೆಂಡ ಹರಿಯುತ್ತದೆ, ಅದು ಪ್ರಸಾದ. ಅಲ್ಲಿ ನೂಕುನುಗ್ಗಲು ಜಾಸ್ತಿ, ತಂದೆತಾಯಿಯನ್ನು ದೂರವೇ ನಿಲ್ಲಿಸಿ. ವಸತಿ ಬಸಂತಪುರದಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ. ಅವತ್ತು ಆ ಗಲ್ಲಿಗಳಲ್ಲಿ ಟ್ಯಾಕ್ಸಿ ಓಡುವುದಿಲ್ಲ.

ಕುಂದಾಪುರದಿಂದ

ನಿಮ್ಮ ಅಮ್ಮನಿಗೆ ಒಂದು ವಿಷಯ ಮೊದಲೇ ಹೇಳಿ, ಖುಷಿಪಡುತ್ತಾರೆ. ಪಶುಪತಿನಾಥನ ಲಿಂಗವನ್ನು ಮುಟ್ಟಿ ಪೂಜೆ ಮಾಡುವ ಭಟ್ಟರು ದಕ್ಷಿಣದವರು. ಬಹುಕಾಲದಿಂದ ನಮ್ಮ ಕರ್ನಾಟಕದ ಕಡೆಯಿಂದಲೇ ಹೋಗುತ್ತಿದ್ದಾರೆ. ಅವರಿಗೆ ಸಹಾಯಕರಾಗಿ ಅಲ್ಲಿನ ಭಂಡಾರಿಗಳಿದ್ದಾರೆ. 2009ರ ಸುಮಾರಿಗೆ ಈ ಪದ್ಧತಿಯನ್ನು ಬದಲಾಯಿಸಲು ಹೋಗಿ ದೊಡ್ಡ ಗಲಾಟೆ ಆಯಿತು. ಕೊನೆಗೆ ಭಟ್ಟರೇ ಮುಂದುವರಿದರು. ಅಷ್ಟು ದೂರ ಹೋಗಿ, ಬಾಗಿಲ ಬಳಿ ನಮ್ಮ ಭಾಷೆಯಲ್ಲಿ "ಎಲ್ಲಿಂದ ಬಂದಿರಿ?" ಅಂತ ಕೇಳಿಸಿಕೊಂಡಾಗ ನನ್ನ ಅತ್ತೆ ಅತ್ತೇಬಿಟ್ಟರು.

ಬೆಳಿಗ್ಗೆ ಬೇಗ ಹೋಗಿ. ಶನಿವಾರ ಅಲ್ಲಿ ರಜೆ, ಅವತ್ತು ಬೇಡ. ಲಿಂಗಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಮುಖ, ಗುಡಿಗೂ ನಾಲ್ಕು ಬಾಗಿಲು. ಒಂದು ಬಾಗಿಲಲ್ಲಿ ನೋಡಿ ವಾಪಸ್ ಬರಬೇಡಿ, ನಾಲ್ಕೂ ಕಡೆ ಹೋಗಿ. ಚರ್ಮದ ಬೆಲ್ಟು, ಪರ್ಸು ಒಳಗೆ ಬಿಡುವುದಿಲ್ಲ. ಒಳಗೆ ಫೋಟೋ ಇಲ್ಲ.

ಇನ್ನೊಂದು ಮಾತು. ಪಕ್ಕದಲ್ಲೇ ಬಾಗಮತಿ ನದಿ, ದಡದ ಆರ್ಯಘಾಟ್‌ನಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ಎಲ್ಲ ಕಣ್ಣೆದುರೇ. ಮನೆಯವರಿಗೆ ಮೊದಲೇ ಹೇಳಿಟ್ಟಿರಿ. ಅಳುತ್ತಿರುವವರ ಕಡೆ ಕ್ಯಾಮೆರಾ ಹಿಡಿಯುವವರನ್ನು ನೋಡಿ ನನಗೆ ತುಂಬಾ ನೋವಾಯಿತು. ಸಂಜೆಯ ಆರತಿಗೆ ಮತ್ತೆ ಬನ್ನಿ.

ಧಾರವಾಡದಿಂದ

ಊಟದ ಬಗ್ಗೆ ಯಾರೂ ಹೇಳಿಲ್ಲ. ದಾಲ್ ಭಾತ್ ಎಲ್ಲ ಕಡೆ ಸಿಗುತ್ತದೆ, ಅನ್ನ ಬೇಳೆ ಪಲ್ಯ, ಮತ್ತೆ ಮತ್ತೆ ಬಡಿಸುತ್ತಾರೆ. ಮೆನುವಿನಲ್ಲಿ "ಬಫ್" ಅಂತಿದ್ದರೆ ಎಮ್ಮೆ ಮಾಂಸ ಅಂತ ತಿಳಿಯಿರಿ. ಹಬ್ಬದಲ್ಲಿ ಹಂಚುವ ಸಮಯ್ ಬಜಿ ನೋಡೋಕೆ ನಮ್ಮ ಅವಲಕ್ಕಿ, ಆದರೆ ಜೊತೆಗೆ ಮಾಂಸ, ಮೊಟ್ಟೆ ಇರುತ್ತದೆ. ಕೇಳಿಯೇ ತಗೊಳ್ಳಿ. ಬಾರಾ ಅಂತ ಉದ್ದಿನಬೇಳೆಯದು ಮಾಡುತ್ತಾರೆ, ನಮ್ಮ ದಪ್ಪ ದೋಸೆಯ ಹಾಗೆ, ಮೇಲೆ ಏನೂ ಹಾಕಬೇಡಿ ಅಂದರೆ ಆಯಿತು. ಯೋಮರಿ ಸಿಕ್ಕರೆ ಬಿಡಬೇಡಿ. ಅಕ್ಕಿಹಿಟ್ಟಿನೊಳಗೆ ಬೆಲ್ಲದ ಪಾಕ, ನಮ್ಮ ಕಡುಬಿನ ನೆನಪಾಗುತ್ತದೆ.

ನಮ್ಮ 100 ರೂಪಾಯಿಗೆ ಅಲ್ಲಿ 160. ವೀಸಾ ಬೇಡ. ವಿಮಾನಕ್ಕೆ ಪಾಸ್‌ಪೋರ್ಟ್ ಅಥವಾ ಮತದಾರರ ಚೀಟಿ ಇಟ್ಟುಕೊಳ್ಳಿ, ಆಧಾರ್ ಒಂದನ್ನೇ ನಂಬಬೇಡಿ. ಅರಮನೆ ಚೌಕಗಳ ಟಿಕೆಟ್ ಭಾರತದವರಿಗೆ ಕಡಿಮೆ, ಗುರುತಿನ ಚೀಟಿ ತೋರಿಸಬೇಕು. ಮಳೆ ಇನ್ನೂ ಪೂರ್ತಿ ನಿಂತಿರುವುದಿಲ್ಲ, ಕೊಡೆ ಮರೆಯಬೇಡಿ.

ಕಾಠ್ಮಂಡು ಪಕ್ಕದ ಹಳೇ ಊರು ಪಾಟನ್‌ಗೆ ಅರ್ಧ ದಿನವಾದರೂ ಇಡಿ. ಅಲ್ಲಿನ ಕೃಷ್ಣ ಮಂದಿರ 1637ರದು, ಪೂರ್ತಿ ಕಲ್ಲು. ಸುತ್ತ ಮಹಾಭಾರತ, ರಾಮಾಯಣದ ಸಾಲು ಕೆತ್ತನೆ. ಹಳೇಬೀಡು ನೋಡಿದವರಿಗೆ ಕಥೆ ಗುರುತು ಹಿಡಿಯುವುದು ಕಷ್ಟವಲ್ಲ.

ಮೈಸೂರಿನಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಪೋಖರಾ ಬಿಟ್ಟೆವು. ಏಕಾದಶಿಗೆ ಹೋಗಿ ಇಳಿಯುತ್ತೇವೆ. ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಉಪಾಕು ವಿಷಯ ಬಂದಾಗ ಸುಮ್ಮನಾದರು. ನಮ್ಮ ಅಜ್ಜಿ ಹೋಗಿ ಇನ್ನೂ ವರ್ಷ ತುಂಬಿಲ್ಲ. ನಾವೂ ಒಂದು ದೀಪ ಇಡಬಹುದಾ ಅಂತ ಕೇಳುತ್ತಿದ್ದಾರೆ.

ಕಾಠ್ಮಂಡುವಿನಲ್ಲಿದ್ದವರು

ಅದು ಆ ಕಣಿವೆಯ ನೇವಾರ ಜನರ ಮನೆಮನೆಯ ಆಚರಣೆ, ಸಾಲಿನೊಳಗೆ ನಾವಾಗಿ ಸೇರಿಕೊಳ್ಳುವುದು ಬೇಡ. ದಾರಿಯ ಬದಿಯ ಯಾವುದಾದರೂ ಗುಡಿಯ ಹತ್ತಿರ ನಿಂತಿರಿ. ನನ್ನ ಅಪ್ಪ ತೀರಿಕೊಂಡ ವರ್ಷ ನಾನು ಹಾಗೇ ನಿಂತಿದ್ದೆ. ನಡೆದು ಹೋಗುತ್ತಿದ್ದ ಒಬ್ಬ ಅಜ್ಜಿ ನನ್ನ ಮುಖ ನೋಡಿ, ಏನೂ ಕೇಳದೆ, ತಮ್ಮ ಕೈಯಲ್ಲಿದ್ದ ಧೂಪದಲ್ಲಿ ಒಂದು ಕಡ್ಡಿ ಕೊಟ್ಟರು. ಅಮ್ಮನ ಹತ್ತಿರ ಒಂದು ಹಣತೆ, ಬತ್ತಿ, ಸ್ವಲ್ಪ ಎಣ್ಣೆ ಇರಲಿ. ಜನ ಮುಂದೆ ಸಾಗಿದ ಮೇಲೆ ಆ ಗುಡಿಯ ಮೆಟ್ಟಿಲ ಮೇಲೆ ಅಜ್ಜಿಯ ಹೆಸರು ಹೇಳಿ ಹಚ್ಚಿಡಲಿ.